ತೊಟ್ಟಿ ಹತ್ತಿ ಇಳಿದ ಪೈಪು

ಟೊರಾಂಟೊದ ರೆಕ್ಸ್‌ಡೇಲಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮಹಡಿಯಲ್ಲಿ ಕರ್ನಾಟಕದಿಂದ ಓದಲು ಬಂದ ಮಕ್ಕಳಿದ್ದಾರೆ. ಅವರಲ್ಲಿ ಕೆಲವರು ಮನೆ ಬೆಚ್ಚಗಿಡುವ ಹೀಟಿಂಗ್ ಕೆಲಸದ ಕೋರ್ಸು ಮಾಡುತ್ತಿದ್ದಾರೆ. ನಾನು ನಿವೃತ್ತ, ಯಾವಾಗ ಬಂದರೂ ಮನೆಯಲ್ಲಿ ಸಿಗುವ ಆಸಾಮಿ ಎಂದು ತಿಳಿದು ಆಗಾಗ ಬಂದು, "ಅಂಕಲ್, ಫೀಲ್ಡಲ್ಲಿ ಮೇನ್ ಆಗಿ ಏನು ಗೊತ್ತಿರ್ಬೇಕು?" ಎಂದು ಕೇಳುತ್ತಾರೆ. ನನ್ನ ಉತ್ತರ ಅವರಿಗೆ ಹಿಡಿಸುವುದಿಲ್ಲ. ಏನೂ ತಿಳಿಯದೆ ನಿಂತಾಗ ಕೈ ಜೇಬಿನಲ್ಲಿಟ್ಟುಕೊಂಡು ನಿಂತಿರಲು ಗೊತ್ತಿರಬೇಕು ಎನ್ನುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆಗೆ ಹೇಳಿದ್ದಲ್ಲ. ನನ್ನ ಕೆಲಸದ ಕೊನೆಯ ವರ್ಷಗಳು ಹೆಚ್ಚಾಗಿ ಕಳೆದದ್ದು ಯಾವುದೋ ಹಳೇ ಮನೆಯ ಬೇಸ್‌ಮೆಂಟಿನಲ್ಲಿ, ಟಾರ್ಚು ಹಿಡಿದು, ಇದು ಯಾಕೆ ಹೀಗಾಯಿತು ಎಂದು ತಲೆ ಕೆರೆದುಕೊಳ್ಳುತ್ತ.

ನಾನು ಮಾಡುತ್ತಿದ್ದ ಕೆಲಸವನ್ನು ಮೊದಲು ಹೇಳಿಬಿಡುತ್ತೇನೆ. ಟೊರಾಂಟೊದಿಂದ ಉತ್ತರಕ್ಕೆ ಹೋದರೆ, ನ್ಯೂಮಾರ್ಕೆಟ್ ದಾಟಿದ ಮೇಲೆ, ದೊಡ್ಡ ಜಾಗದ ನಡುವೆ ಹಳೇ ಇಟ್ಟಿಗೆ ಮನೆಗಳು ಇನ್ನೂ ಇವೆ. ಕೆಲವರು ಮನೆಯಿಂದ ದೂರದಲ್ಲಿ, ಅಂಗಳದಾಚೆ, ಒಂದು ಸಣ್ಣ ತಗಡಿನ ಗುಡಿಸಲಿನಂತಹ ಬಾಯ್ಲರ್ ಇಡಿಸುತ್ತಾರೆ. ಅದರ ಹೊಟ್ಟೆಗೆ ಕಟ್ಟಿಗೆ ಹಾಕಬೇಕು. ಬೆಂಕಿಯ ಸುತ್ತ ನೀರು ತುಂಬಿರುತ್ತದೆ. ಬಿಸಿಯಾದ ನೀರನ್ನು ಪಂಪು ಒಂದು ಪೈಪಿನಲ್ಲಿ ನೆಲದಡಿಯಿಂದ ಮನೆಯೊಳಗೆ ತಳ್ಳುತ್ತದೆ. ಮನೆಗೆ ಬಿಸಿ ಕೊಟ್ಟು ತಣ್ಣಗಾದ ನೀರು ಇನ್ನೊಂದು ಪೈಪಿನಲ್ಲಿ ವಾಪಸು ಹೋಗುತ್ತದೆ. ಬಿಸಿನೀರಿನ ಪೈಪಿಗೆ ಕೆಂಪು ಗುರುತು, ತಣ್ಣೀರಿನದಕ್ಕೆ ನೀಲಿ ಗುರುತು. ಈ ಎರಡು ಪೈಪುಗಳನ್ನು ಹಳೇ ಮನೆಯ ಕಲ್ಲಿನ ಪಾಯದೊಳಗೆ ನುಗ್ಗಿಸುವುದೇ ನನ್ನ ಕೆಲಸ. ಹೇಳುವುದಕ್ಕೆ ಇಷ್ಟೇ.

ನಮ್ಮ ಅಂಗಡಿಯ ಮಾಲೀಕ ಬಲ್ವಿಂದರ್. ಎಲ್ಲರ ಬಾಯಲ್ಲೂ ಬಲ್ಲಿ ಪಾಜಿ, ಅಂದರೆ ಬಲ್ಲಿ ಅಣ್ಣ. ಕೆಲಸ ಕಲಿಸುವಾಗಲೂ ಬೈಯುತ್ತಿದ್ದ, ಊಟಕ್ಕೆ ಕರೆಯುವಾಗಲೂ ಬೈಯುತ್ತಿದ್ದ, ಹಾಗಾಗಿ ಯಾವುದು ನಿಜವಾದ ಬೈಗುಳ ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. "ಓ ಯಾರ್, ಪಾನಿ ಕೋ ರಾಸ್ತಾ ದೇ, ಭಾಷಣ್ ಮತ್ ದೇ" ಎನ್ನುವುದು ಅವನ ಮಂತ್ರ. ನೀರಿಗೆ ದಾರಿ ಕೊಡು, ಭಾಷಣ ಕೊಡಬೇಡ. ಇದರಲ್ಲಿ ಒಂದು ತೊಂದರೆಯಿತ್ತು. ಹಳೇ ಮನೆಗಳಲ್ಲಿ ನೀರಿಗೆ ಆಗಲೇ ಬೇಕಾದಷ್ಟು ದಾರಿಗಳಿದ್ದವು, ಯಾವುದು ಎಲ್ಲಿಗೆ ಹೋಗುತ್ತದೆ ಎಂಬುದು ಮಾತ್ರ ಬದುಕಿದ್ದವರಿಗೆ ಯಾರಿಗೂ ಗೊತ್ತಿರಲಿಲ್ಲ.

2015ರ ಚಳಿಗಾಲದಲ್ಲಿ ಮಾಡಿದ ಒಂದು ಮನೆ ನೆನಪಾಗುತ್ತದೆ. ಆಗ ನಾವು ಪೈಪಿಗೆ ಬೆಳ್ಳಿ ಬಣ್ಣದ ಗುಳ್ಳೆಹಾಳೆ ಸುತ್ತಿ, ಅದರ ಮೇಲೊಂದು ಕೊಳವೆ ತೊಡಿಸಿ ಹೂಳುತ್ತಿದ್ದೆವು. ಎಲ್ಲ ಸರಿಯಾಗಿದೆ ಎಂದು ಬಂದೆ. ಒಂದು ವಾರಕ್ಕೆ ಮನೆಯಾತ ಫೋನು ಮಾಡಿ, "ಮನೆ ಬೆಚ್ಚಗಾಗುತ್ತಿಲ್ಲ, ನನ್ನ ನಾಯಿಯೂ ಮನೆಯೊಳಗೆ ಬರಲು ಒಪ್ಪುತ್ತಿಲ್ಲ" ಎಂದ. ಎರಡಕ್ಕೂ ಸಂಬಂಧ ಏನೆಂದು ನನಗೆ ಹೊಳೆಯಲಿಲ್ಲ. ಹೋಗಿ ನೋಡಿದರೆ ಅಂಗಳದ ತುಂಬ ಹಿಮ, ಬಾಯ್ಲರಿನಿಂದ ಮನೆಯ ತನಕ ಒಂದು ಪಟ್ಟಿ ಮಾತ್ರ ಹಸಿರು ಹುಲ್ಲು, ಅದರ ಮೇಲೆ ನಾಯಿ ಆರಾಮಾಗಿ ಮಲಗಿತ್ತು. ನೀರಿನ ಬಿಸಿಯನ್ನೆಲ್ಲ ನಾನು ಭೂಮಿತಾಯಿಗೆ ಉಣಿಸಿದ್ದೆ. ಆಮೇಲಾಮೇಲೆ ಸುತ್ತಲೂ ಗಟ್ಟಿ ಫೋಮ್ ತುಂಬಿದ ಪೈಪು ಬಂತು, ಹಳೆಯದನ್ನು ಕಿತ್ತು ಅದನ್ನು ಹಾಕಿದೆವು. ನಾಯಿಗೆ ಬೇಜಾರಾಯಿತು.

ಇನ್ನೊಂದು ಮನೆಯಲ್ಲಿ ಬೇಸ್‌ಮೆಂಟಿನ ಮಾಡಿನಡಿ ಮೂರು ತಲೆಮಾರಿನ ಪೈಪುಗಳು ಹೆಣೆದುಕೊಂಡಿದ್ದವು. ಕಲ್ಲಿದ್ದಲ ಕಾಲದ ತೊಡೆ ಗಾತ್ರದ ಕಬ್ಬಿಣದವು, ಎಣ್ಣೆ ಫರ್ನೇಸಿನ ಕಾಲದ ತಾಮ್ರದವು, ಯಾರೋ ಭಾನುವಾರದ ಹವ್ಯಾಸಿ ಹಾಕಿದ ಪ್ಲಾಸ್ಟಿಕ್‌ನವು. ಒಂದು ತುಕ್ಕು ಪೈಪನ್ನು ತಟ್ಟಿ ನೋಡಿ, ಸತ್ತದ್ದು ಎಂದು ತೀರ್ಮಾನಿಸಿ ಕೊಯ್ದೆ. ಮೇಲೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಮನೆಯಾಕೆಯ ಸಾಬೂನು ನೀರೆಲ್ಲ ನನ್ನ ತಲೆಯ ಮೇಲೆ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಅವತ್ತು ನಾನೂ ಮನೆಯನ್ನೇ ಬೈದೆ. ಹಳೇ ಮನೆಯಲ್ಲಿ ಸತ್ತ ಪೈಪು ಎಂಬುದಿಲ್ಲ ಎಂದು ಮಕ್ಕಳಿಗೆ ಹೇಳುವುದು ಇದಕ್ಕೇ.

ಇವೆಲ್ಲ ಕಾರಣ ಸಿಕ್ಕ ಗೊಂದಲಗಳು. 2018ರ ದೀಪಾವಳಿಯ ಮನೆಯದು ಬೇರೆ. ಅದರ ಕಾರಣವೂ ಸಿಕ್ಕಿತು, ಆದರೆ ತಪ್ಪಿನಲ್ಲಿ ಅರ್ಧ ಯಾರದು, ಇನ್ನರ್ಧ ಯಾರದು ಎಂಬುದು ಇವತ್ತಿಗೂ ನನಗೆ ಸರಿಯಾಗಿ ತಿಳಿದಿಲ್ಲ.

ಆ ಮನೆ ಸುಹಾಸ್ ಎಂಬ ಮೈಸೂರಿನವನದು. ಸಾಫ್ಟ್‌ವೇರ್ ಕೆಲಸ, ಮರಗಿಡದ ಹುಚ್ಚು. ನ್ಯೂಮಾರ್ಕೆಟಿನಿಂದ ಇನ್ನೂ ಮೇಲೆ ಐದಾರು ಎಕರೆಯ ನಡುವಿನ ಹಳೇ ಇಟ್ಟಿಗೆ ಮನೆ ಕೊಂಡಿದ್ದ. ಜಾಗದ ತುಂಬ ಆ್ಯಶ್ ಮರಗಳು ಹುಳು ಬಿದ್ದು ನಿಂತಲ್ಲೇ ಒಣಗಿದ್ದವು. ಅಷ್ಟು ಸೌದೆ ಕೊಳೆಸುವ ಬದಲು ಮನೆ ಕಾಯಿಸೋಣ ಎಂದು ಎಣ್ಣೆ ಫರ್ನೇಸ್ ತೆಗೆಸಿ ಬಾಯ್ಲರ್ ಇಡಿಸಿದ. ಅವನ ಹೆಂಡತಿ ಮೇಘನಾಗೆ ಈ ಮನೆ ಮೊದಲಿನಿಂದಲೂ ಇಷ್ಟವಿರಲಿಲ್ಲ. ತುಂಬು ಬಸುರಿ ಬೇರೆ. ಅವಳ ತಾಯಿ ಕಮಲಮ್ಮ ಪಾಂಡವಪುರದ ಕಡೆಯವರು, ಬಾಣಂತನಕ್ಕೆಂದು ಬಂದಿದ್ದರು. ಆ ಮನೆಯಲ್ಲಿ ಬಾಯ್ಲರ್ ಕಂಡು ಖುಷಿಪಟ್ಟವರು ಅವರೊಬ್ಬರೇ.

"ಅಣ್ಣಾ, ಇದು ನಮ್ಮ ಬಚ್ಚಲ ಹಂಡೆ ಒಲೆನೇ ಅಲ್ವಾ? ಹೊರಗಡೆ ಇಟ್ಟವ್ರೆ, ಅಷ್ಟೆಯ" ಎಂದರು, ನಾನು ಮೊದಲ ದಿನ ಜಾಗ ನೋಡಲು ಹೋದಾಗ. "ಬಾಣಂತಿಗೆ ಸೌದೆ ಒಲೆ ನೀರೇ ಆಗ್ಬೇಕು ಕಣಣ್ಣ. ಕೊಳಾಯಿ ತಿರುಗ್ಸಿದ್ರೆ ಬರೋ ಬಿಸ್ನೀರಲ್ಲಿ ಏನೈತೆ ಮಣ್ಣು!"

"ಹಂಗ ಅಂದ್ಕೊಳ್ರಿ ಅಕ್ಕಾರ" ಎಂದೆ. ನಾನು ರಾಣೆಬೆನ್ನೂರಿನವನು. ಅವರ ಮಾತು ನನಗೆ, ನನ್ನ ಮಾತು ಅವರಿಗೆ, ಸ್ವಲ್ಪ ತಡವಾಗಿಯಾದರೂ ಅರ್ಥವಾಗುತ್ತಿತ್ತು. ಆ ಹೊತ್ತಿನಲ್ಲಿ ನನ್ನ ಗಮನವೆಲ್ಲ ಗೋಡೆಯ ಮೇಲಿತ್ತು.

ಗೋಡೆಯ ಕಥೆ ಹೀಗೆ. ಪೈಪು ಒಳಗೆ ಬರಬೇಕಾದ ಕಡೆಯಲ್ಲೇ, ಬೇಸ್‌ಮೆಂಟಿನ ಒಳಮೈಗೆ, ಹಿಂದಿನವರು ಮಳೆನೀರು ಕೂಡಿಡಲು ಕಟ್ಟಿದ ಕಲ್ಲಿನ ತೊಟ್ಟಿ ಇತ್ತು. ಈಗ ಒಣಗಿತ್ತು. ಅದನ್ನು ಒಡೆದರೆ ಅದಕ್ಕೆ ಆತುಕೊಂಡ ಪಾಯ ಏನಾಗುತ್ತದೋ ಗೊತ್ತಿರಲಿಲ್ಲ. ಸುತ್ತಿಕೊಂಡು ಬರಲು ಮೆಟ್ಟಿಲು ಅಡ್ಡ. ಕೊನೆಗೆ ನಾನು ಪೈಪನ್ನು ತೊಟ್ಟಿಯ ಗೋಡೆ ಹತ್ತಿಸಿ, ಮಾಡಿನ ತೊಲೆಯ ಪಕ್ಕ ಹಾಯಿಸಿ, ಆಚೆ ಇಳಿಸಿದೆ. ಹತ್ತಿ ಇಳಿದ ಜಾಗದಲ್ಲಿ ಪೈಪಿಗೆ ಒಂದು ಗೂನು ಬಿತ್ತು. ಗೂನಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ, ಅಲ್ಲೊಂದು ಗಾಳಿ ಬಿಡುವ ತಿರುಪು ಇರಬೇಕು ಎಂದು ಪುಸ್ತಕ ಹೇಳುತ್ತದೆ. ತೊಲೆಯ ಸಂದಿಯಲ್ಲಿ ಕೈ ಹೋಗುತ್ತಿರಲಿಲ್ಲ, ಹಾಗಾಗಿ ತಿರುಪು ಹಾಕಲಿಲ್ಲ. ಮೊದಲ ಸಲ ತುಂಬಿಸುವಾಗ ಜೋರಾಗಿ ನೀರು ನುಗ್ಗಿಸಿ ಗಾಳಿಯನ್ನು ಹೊರದೂಡಿದೆ. ಒಂದು ಸಲ ತುಂಬಿದ ಮೇಲೆ ಯಾರೂ ಬಿಚ್ಚದ ಲೈನಿನಲ್ಲಿ ಗಾಳಿಗೆ ಏನು ಕೆಲಸ ಎಂದುಕೊಂಡೆ.

ಬಾಯ್ಲರಿನ ನೀರಿಗೆ ತುಕ್ಕು ಹಿಡಿಯದಂತೆ ಮದ್ದು ಹಾಕುತ್ತೇವೆ. ಅದರ ಬಣ್ಣ ನೇರಳೆ. ಆ ನೀರನ್ನು ವರ್ಷಗಟ್ಟಲೆ ಚೆಲ್ಲುವಂತಿಲ್ಲ. ಸ್ನಾನದ ನೀರು ಬೇರೆಯೇ. ಅದು ಈ ಬಿಸಿ ಪೈಪಿನ ಮಗ್ಗುಲಲ್ಲಿ ಹಾಯ್ದು ಕಾಯುತ್ತದೆ, ಎರಡೂ ಬೆರೆಯುವುದಿಲ್ಲ. ಇದನ್ನೆಲ್ಲ ಸುಹಾಸನನ್ನು ಬಾಯ್ಲರಿನ ಹಿಂದೆ ನಿಲ್ಲಿಸಿಕೊಂಡು ಇಂಗ್ಲಿಷಿನಲ್ಲಿ ಹೇಳಿದೆ. ನೀರು ತುಂಬಿಸುವ ನಲ್ಲಿ, ಖಾಲಿ ಮಾಡುವ ಹಳದಿ ಹಿಡಿಕೆಯ ನಲ್ಲಿ, ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ, ಎಲ್ಲ ತೋರಿಸಿದೆ. ಕಮಲಮ್ಮ ಸ್ವಲ್ಪ ದೂರದಲ್ಲಿ ಸೆರಗು ಹೊದ್ದು ನಿಂತು ನೋಡುತ್ತಿದ್ದರು. ಅಕ್ಟೋಬರಿನಲ್ಲಿ ಮನೆ ಬೆಚ್ಚಗಾಯಿತು. ಕಮಲಮ್ಮ ನನಗೆ ಅವರೆಕಾಳು ಉಪ್ಪಿಟ್ಟು ಮಾಡಿ ಹಾಕಿದರು.

ನರಕ ಚತುರ್ದಶಿಯ ದಿನ ಬೆಳಿಗ್ಗೆ ಸುಹಾಸನ ಫೋನು ಬಂತು. "ಅಂಕಲ್, ಬಾಯ್ಲರ್ ಫುಲ್ ಹಾಟ್ ಇದೆ. ಮನೆ ಐಸ್ ಆಗಿದೆ. ಅತ್ತೆ ಸ್ಟೌ ಮೇಲೆ ನೀರು ಕಾಯಿಸಿ ಅಭ್ಯಂಜನ ಮಾಡ್ಸಿದ್ರು."

ಹೋದೆ. ಅವತ್ತು ಹಿಮವಿರಲಿಲ್ಲ, ಗಾಳಿ ಮಾತ್ರ ಮೂಗು ಕೊಯ್ಯುತ್ತಿತ್ತು. ಬಾಯ್ಲರಿನ ಬಾಗಿಲಿಗೆ ಅರಿಶಿನ ಕುಂಕುಮ, ಕುತ್ತಿಗೆಗೆ ಚೆಂಡುಹೂವಿನ ಮಾಲೆ. ಪರವಾಗಿಲ್ಲ, ನಮ್ಮವರ ಮನೆ ಎಂದು ಖುಷಿಯಾಯಿತು. ಗಾಜಿನ ಕೊಳವೆ ನೋಡಿದೆ. ನೀರು ಗೆರೆಯ ಮಟ್ಟದಲ್ಲಿ ನಿಂತಿತ್ತು. ಪಂಪು ಗುಂಯ್ ಎನ್ನುತ್ತಿತ್ತು. ಒಳಗೆ ಹೋಗಿ ಕೆಂಪು ಗುರುತಿನ ಪೈಪು ಮುಟ್ಟಿದರೆ ಗೋಡೆಯ ಹತ್ತಿರ ಬಿಸಿ, ತೊಟ್ಟಿಯ ಆಚೆ ತಣ್ಣಗೆ. ನೀಲಿ ಪೈಪು ಪೂರಾ ತಣ್ಣಗೆ.

"ಯಾರಾದ್ರೂ ಏನಾರ ಮುಟ್ಟೀರೇನು?" ಎಂದು ಸುಹಾಸನನ್ನು ಕೇಳಿದೆ.

"ಇಲ್ಲ ಅಂಕಲ್. ನಾನು ನಿನ್ನೆ ಆಫೀಸಲ್ಲಿದ್ದೆ. ಅತ್ತೆ ಪೂಜೆ ಮಾಡಿದ್ರು ಅಷ್ಟೆ."

ಫೋನಿನಲ್ಲೇ ಬಲ್ಲಿ, "ಹವಾ ನಿಕಾಲ್" ಎಂದ. ಗಾಳಿ ತೆಗೆ. ಮನೆಯೊಳಗೆ ಬೇರೆ ಕಡೆ ಇದ್ದ ಗಾಳಿ ತಿರುಪು ಬಿಚ್ಚಿದೆ, ಗಾಳಿಯ ಬದಲು ನೀರೇ ಚಿಮ್ಮಿತು. ಗಾಳಿ ಇಲ್ಲ ಎಂದು ತೀರ್ಮಾನವಾಯಿತು. ಆಮೇಲೆ ನನ್ನ ಬುದ್ಧಿ ದಾರಿ ತಪ್ಪಿದ್ದು ಹೇಗೆಂದರೆ, ಒಂದೊಂದು ಅನುಮಾನವೂ ಸರಿಯೆನಿಸುತ್ತಿತ್ತು. ಪಂಪು ತಿರುಗುಮುರುಗಾಗಿ ತಿರುಗುತ್ತಿದೆಯೋ? ಬದಲಾಯಿಸಿದೆ. ಕೆಂಪು ನೀಲಿ ಗುರುತು ನಾನೇ ಅದಲುಬದಲು ಮಾಡಿದೆನೋ? ಪತ್ತೆ ಹಚ್ಚುತ್ತ ಹೋಗಿ ನನಗೇ ಯಾವುದು ಕೆಂಪು ಯಾವುದು ನೀಲಿ ಮರೆತುಹೋಯಿತು. ಆ ಮನೆಯ ಹಳೇ ಕಬ್ಬಿಣದ ಪೈಪಿನೊಳಗೆ ಏನಾದರೂ ಕುಸಿದು ಕೂತಿದೆಯೋ? ಸುತ್ತಿಗೆಯಿಂದ ಬಡಿದು ಕಿವಿಯಿಟ್ಟೆ. ಪೈಪು ಟಣ್ ಎಂದಿತು, ಇನ್ನೇನೂ ಹೇಳಲಿಲ್ಲ.

ಮರುದಿನ ಬಲ್ಲಿ ಪಾಜಿಯೇ ಬಂದ. ಪಾಯದ ಹೊರಗೆ ಪೈಪು ಮಡಿಚಿಕೊಂಡಿರಬೇಕು ಎಂದ. ಮಿನಿ ಡಿಗ್ಗರ್ ತಂದು ಅಂಗಳ ಅಗೆದೆವು. ಸುಹಾಸ್ ನೆಟ್ಟಿದ್ದ ಟ್ಯುಲಿಪ್ ಗೆಡ್ಡೆಗಳೆಲ್ಲ ಮೇಲೆ ಬಂದವು. ಪೈಪು ನಾನು ಮಲಗಿಸಿದ ಹಾಗೆಯೇ, ನೆಟ್ಟಗೆ ಮಲಗಿತ್ತು. ಗುಡ್ಡ ಅಗೆದು ಇಲಿ ಹಿಡಿಯುವುದನ್ನು ಕೇಳಿದ್ದೆ, ನಮಗೆ ಇಲಿಯೂ ಸಿಗಲಿಲ್ಲ. ಕಮಲಮ್ಮ ಗುಂಡಿಯ ಅಂಚಿನಲ್ಲಿ ನಿಂತು ಕಾಫಿ ಕೊಟ್ಟು, ಗೆಡ್ಡೆಗಳನ್ನು ಒಂದೊಂದಾಗಿ ಸೆರಗಿನಲ್ಲಿ ಆಯ್ದುಕೊಂಡರು. ಅವರನ್ನು ಯಾರೂ ಏನೂ ಕೇಳಲಿಲ್ಲ.

ಅವತ್ತೇ ಸಂಜೆ ಮೇಘನಾಗೆ ನೋವು ಕಾಣಿಸಿಕೊಂಡು ನ್ಯೂಮಾರ್ಕೆಟಿನ ಆಸ್ಪತ್ರೆಗೆ ಹೋದಳು. ಗುರುವಾರ ಹೆಣ್ಣು ಮಗುವಾಯಿತು. ಶುಕ್ರವಾರ ನಾನು ಮತ್ತೆ ಆ ತಣ್ಣನೆಯ ಬೇಸ್‌ಮೆಂಟಿನಲ್ಲಿದ್ದಾಗ ಸುಹಾಸ್ ಆಸ್ಪತ್ರೆಯಿಂದ ಕರೆ ಮಾಡಿ, "ಮೇಘನಾ ಮಾತಾಡ್ತಾಳಂತೆ" ಎಂದ.

"ಅಂಕಲ್, ಸ್ಟ್ರೇಟಾಗಿ ಹೇಳಿ. ನಾಳೆ ಮಧ್ಯಾಹ್ನ ಡಿಸ್ಚಾರ್ಜ್. ಮನೆ ವಾರ್ಮ್ ಆಗುತ್ತಾ ಇಲ್ವಾ? ಆಗಲ್ಲ ಅಂದ್ರೆ ಪಾಪು ಕರ್ಕೊಂಡು ರಿಚ್ಮಂಡ್ ಹಿಲ್‌ಗೆ ಸುಹಾಸ್ ಅಕ್ಕನ ಕಾಂಡೋ ಫ್ಲ್ಯಾಟಿಗೆ ಹೋಗ್ತೀನಿ. ಹೋದ್ರೆ ಆಮೇಲೆ ಆ ಮನೆಗೆ ವಾಪಸ್ ಬರಲ್ಲ. ಮಾರ್ಬಿಡು ಅಂತ ಸುಹಾಸ್‌ಗೂ ಹೇಳಿದೀನಿ." ಧ್ವನಿ ಇಳಿಸಿ ಹೇಳಿದಳು, "ಅಲ್ಲಿ ಅಮ್ಮಂಗೆ ಇರೋಕೆ ಜಾಗ ಇಲ್ಲ. ಅವ್ರು ಬೇಗ ಟಿಕೆಟ್ ಮಾಡಿಸ್ಕೊಂಡು ಊರಿಗೆ ಹೋಗ್ಬೇಕಾಗುತ್ತೆ."

ಆಗುತ್ತದೆ ಎಂದೆ. ಯಾವ ಧೈರ್ಯದಲ್ಲಿ ಹೇಳಿದೆನೋ ಗೊತ್ತಿಲ್ಲ. ಫೋನು ಇಟ್ಟ ಮೇಲೆ ನನಗೆ ನಿಜವಾಗಿ ಭಯವಾಯಿತು. ಇಷ್ಟು ವರ್ಷ ಕೆಲಸ ಮಾಡಿ, ಒಂದು ಹಸುಗೂಸಿನ ಮನೆಗೆ ಬಿಸಿನೀರು ತರಲು ಬಾರದವನಾದೆನಲ್ಲ ಎಂದು ನಾಚಿಕೆಯೂ ಆಯಿತು. ಮೇಲೆ ಕಮಲಮ್ಮ ಓಡಾಡುವ ಸದ್ದು ಕೇಳುತ್ತಿತ್ತು. ಊರಿಂದ ತಂದ ಬಾಣಂತಿ ಖಾರದ ಸಾಮಾನನ್ನು ಹುರಿಯುತ್ತಿದ್ದರು, ಘಾಟು ಬೇಸ್‌ಮೆಂಟಿನ ತನಕ ಬರುತ್ತಿತ್ತು. ಬಾಣಂತನವೇ ಇಲ್ಲವಾಗಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಬೇಗನೆ ಹೋದೆ. ಸುಹಾಸ್ ಆಸ್ಪತ್ರೆಯಲ್ಲಿದ್ದ. ಬಲ್ಲಿ ಆಮೇಲೆ ಬರುವವನಿದ್ದ. ಏನು ಮಾಡಬೇಕೆಂದು ತೋಚದೆ ಬಾಯ್ಲರಿನ ಹಿಂದೆ, ಕೈ ಜೇಬಿನಲ್ಲಿಟ್ಟುಕೊಂಡು ನಿಂತೆ. ಗಾಜಿನ ಕೊಳವೆಯಲ್ಲಿ ನೀರು ಗೆರೆಯ ಮಟ್ಟದಲ್ಲೇ ಇತ್ತು. ಅದರಾಚೆಗೆ ಚೆಂಡುಹೂವಿನ ಬಾಡಿದ ಎಸಳೊಂದು ಅಂಟಿಕೊಂಡಿತ್ತು. ಅದರ ಹಳದಿ ನನಗೆ ಚೆನ್ನಾಗಿ ಕಾಣುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ, ಅದು ಯಾಕೆ ಅಷ್ಟು ಚೆನ್ನಾಗಿ ಕಾಣುತ್ತಿದೆ ಎನಿಸಿತು. ನೇರಳೆ ನೀರಿನ ಹಿಂದೆ ಹಳದಿ ಹಳದಿಯಾಗಿ ಕಾಣಬಾರದು. ಕೊಳವೆಯಲ್ಲಿ ಇದ್ದದ್ದು ತಿಳಿನೀರು. ದಿನವೂ ನಾನು ಮಟ್ಟ ನೋಡಿದ್ದೆ, ಬಣ್ಣ ನೋಡಿರಲಿಲ್ಲ.

ಕಮಲಮ್ಮ ಸೌದೆ ಹಾಕಲು ಬಂದರು.

"ಅಕ್ಕಾರ, ಈ ನೀರಿನ ಬಣ್ಣ ಎಲ್ಲಿ ಹೋತ್ರಿ?"

"ಆ ಕೊಳಕು ನೀರಾ? ಚೆಲ್ಬುಟ್ಟು ಹೊಸ ನೀರ್ ತುಂಬಿದ್ನಲ್ಲಣ್ಣ. ನೀರ್ ತುಂಬೋ ಹಬ್ಬದ ದಿನ."

ದೀಪಾವಳಿಯ ಮುನ್ನಾದಿನ ಹಂಡೆಯ ಹಳೇ ನೀರು ಚೆಲ್ಲಿ, ಹಂಡೆ ಬೆಳಗಿ, ಹೊಸ ನೀರು ತುಂಬಿ, ಕುಂಕುಮವಿಟ್ಟು ಪೂಜೆ ಮಾಡುವುದನ್ನು ನಾನೂ ಚಿಕ್ಕಂದಿನಿಂದ ನೋಡಿದವನೇ. ನನ್ನವ್ವ ಹಂಡೆಗೆ ಸುಣ್ಣದ ಗೆರೆ ಎಳೆಯುತ್ತಿದ್ದಳು. ಬಾಯ್ಲರಿನ ಬಾಗಿಲ ಕುಂಕುಮ, ಮಾಲೆ, ಎಲ್ಲ ಕಣ್ಣೆದುರೇ ಇತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವನು ನಾನೇ.

"ಬೆಂಕಿ ಉರಿಯೂ ಮುಂದ ಖಾಲಿ ಮಾಡಿದ್ರೇನ್ರಿ?" ಎಂದೆ. ಉರಿಯುವಾಗ ಖಾಲಿ ಮಾಡಿದ್ದರೆ ಬಾಯ್ಲರೇ ಸುಟ್ಟುಹೋಗುತ್ತಿತ್ತು.

"ಅಯ್ಯೋ, ಅಷ್ಟೂ ತಿಳೀದಾ? ಬೆಳಗ್ಗಿಂದ ಸೌದೇನೆ ಹಾಕ್ನಿಲ್ಲ. ಬೂದಿ ತೆಗ್ದು, ಆರಿದ್ ಮೇಲೆ ಆ ಹಳದಿ ಹಿಡಿ ತಿರುವ್ದೆ. ನೀವು ಅಳಿಯಂದ್ರಿಗೆ ತೋರುಸ್ತಾ ಇದ್ರಲ್ಲ, ನೋಡ್ಕೊಂಡಿದ್ದೆ. ಸಂಜೆಗಂಟ ಹರೀತು. ಎಂಥಾ ನೀರಣ್ಣ ಅದು, ನೇರಳೆಹಣ್ಣು ಹಿಂಡ್ದಂಗೆ! ನಾಳೆ ಹಸುಗೂಸಿನ ಮೈಮೇಲೆ ಹುಯ್ಯೋ ನೀರಲ್ವಾ? ಹಂಗೇ ಬಿಡಕ್ಕಾಯ್ತದ?"

"ಮೊದ್ಲ ಹೇಳಬಾರದೇನ್ರಿ ಅಕ್ಕಾರ?"

"ನನ್ನ ಯಾರ್ ಕೇಳುದ್ರು? ನೀವೆಲ್ಲ ಅಂಗಳ ಅಗೀತಾ ಇದ್ರಿ."

ಸಿಟ್ಟು ಬರಬೇಕಿತ್ತು, ನಗು ಬಂತು, ನಗಲೂ ಆಗಲಿಲ್ಲ. ಆ ನೀರು ಮಗುವಿನ ಮೈಗೆ ಬರುವುದೇ ಇಲ್ಲ, ಅದು ಬರೀ ಬಿಸಿಯನ್ನು ಹೊತ್ತು ತರುವ ನೀರು, ಸ್ನಾನದ ನೀರು ಅದರ ಮಗ್ಗುಲಲ್ಲಿ ಕಾಯುತ್ತದೆ ಎಂದು ಅಲ್ಲೇ ಕಟ್ಟಿಗೆ ತುಂಡಿನಿಂದ ನೆಲದಲ್ಲಿ ಗೆರೆ ಎಳೆದು ತೋರಿಸಿದೆ. ಖಾಲಿ ಮಾಡಿದಾಗ ಪೈಪಿಗೆ ಗಾಳಿ ಹೊಕ್ಕು ಗೂನಿನಲ್ಲಿ ಕೂತಿದೆ ಎಂದೂ ಹೇಳಿದೆ. ಅವರು ಬಗ್ಗಿ ಗೆರೆಗಳನ್ನೇ ನೋಡುತ್ತಿದ್ದರು. ನೋಡುತ್ತ ನೋಡುತ್ತ ಮುಖ ಬಿಳುಚಿಕೊಂಡಿತು.

"ಅಂದ್ರೆ ಮನೆ ತಣ್ಣಗಾಗಿದ್ದು ನನ್ನಿಂದ್ಲಾ? ಮಗು ಬರೋ ಮನೇನಾ?" ಎಂದರು. "ಸರಿ ಹೋಯ್ತದಾ ಅಣ್ಣ?"

"ಹೋಗ್ತದ್ರಿ. ನೀವು ಒಳಗ ನಡೀರಿ, ಥಂಡಿ ಐತಿ."

ಕೆಲಸ ಗೊತ್ತಾದ ಮೇಲೆ ಕೆಲಸವೇನೂ ದೊಡ್ಡದಾಗಿರಲಿಲ್ಲ. ಬೇಸ್‌ಮೆಂಟಿನಲ್ಲಿ ನೀಲಿ ಪೈಪಿಗೆ ಹೋಸು ಕಟ್ಟಿ ಜೋರಾಗಿ ನೀರು ನುಗ್ಗಿಸಿದೆ. ತೊಟ್ಟಿಯ ಮೇಲಿನ ಗೂನಿನಲ್ಲಿ ಗೊಳಗೊಳ ಸದ್ದಾಯಿತು. ಆಮೇಲೆ ಇನ್ನೊಂದು ತುದಿಯಲ್ಲಿ ಕೆಮ್ಮಿದ ಹಾಗೆ ಗಾಳಿ ಬಂತು, ನೀರು ಬಂತು, ಮತ್ತೆ ಗಾಳಿ ಬಂತು, ಕೊನೆಗೆ ಬರೀ ನೀರು ಬಂತು. ತೊಲೆಯ ಒಂದು ಅಂಚನ್ನು ಉಳಿಯಲ್ಲಿ ಕೆತ್ತಿ, ಮೊದಲೇ ಹಾಕಬೇಕಿದ್ದ ತಿರುಪನ್ನು ಗೂನಿನ ನೆತ್ತಿಗೆ ಹಾಕಿದೆ. ಬಾಯ್ಲರಿಗೆ ಮತ್ತೆ ಮದ್ದು ಬೆರೆಸಿದೆ. ತೊಟ್ಟಿಯ ಆಚೆ ಪೈಪಿಗೆ ಅಂಗೈ ಇಟ್ಟು ಕಾದೆ. ಬಿಸಿ ನಿಧಾನಕ್ಕೆ ಬಂತು. ಅಲ್ಲಿ ಯಾರೂ ನೋಡಲಿಲ್ಲ, ಆದರೂ ಹೇಳಿಬಿಡುತ್ತೇನೆ, ನನಗೆ ಅಳು ಬಂತು.

ಬಲ್ಲಿ ಬರುವ ಹೊತ್ತಿಗೆ ಮನೆ ಬೆಚ್ಚಗಿತ್ತು. ಹಿಂದೆಯೇ ಸುಹಾಸನ ಕಾರು. ಮೇಘನಾ ಮಗುವನ್ನು ಎದೆಗವಚಿಕೊಂಡು ಹೊಸಿಲಲ್ಲೇ ನಿಂತು, ಒಳಗಿನ ಬಿಸಿ ಮುಖಕ್ಕೆ ತಾಗುತ್ತದೋ ಇಲ್ಲವೋ ಎಂದು ನೋಡಿದಳು. ಆಮೇಲೆ ಒಳಗೆ ಕಾಲಿಟ್ಟಳು. ಕಮಲಮ್ಮ ಆರತಿ ತಟ್ಟೆ ಹಿಡಿದಿದ್ದರು.

"ಏನಾಗಿತ್ತು ಅಂಕಲ್?" ಸುಹಾಸ್ ಕೇಳಿದ.

"ಗಾಳಿ ಹೊಕ್ಕಿತ್ತು."

"ಕಹಾಂ ಸೇ?" ಎಂದ ಬಲ್ಲಿ. ಎಲ್ಲಿಂದ? ಅವನು ಮೂರ್ಖನಲ್ಲ. ಮುಚ್ಚಿದ ಲೈನಿಗೆ ಗಾಳಿ ತಾನಾಗಿ ಬರುವುದಿಲ್ಲ ಎಂದು ಅವನಿಗೂ ಗೊತ್ತು.

ಕಮಲಮ್ಮ ನನ್ನ ಕಡೆ ನೋಡಲಿಲ್ಲ. ಆರತಿಯ ಬತ್ತಿಯನ್ನೇ ನೋಡುತ್ತಿದ್ದರು. ಸತ್ಯ ಹೇಳಲು ಬಾಯಿ ತೆರೆದೆ. "ತೊಟ್ಟಿ ಮೇಲೆ ನಾನು ಗೂನು ಬಿಟ್ಟಿದ್ದೆ. ತಿರುಪು ಹಾಕಿರಲಿಲ್ಲ. ಅದೇ" ಎಂಬ ಮಾತು ಬಂತು. ಸುಳ್ಳಲ್ಲ. ನಿಜವೂ ಪೂರ್ತಿ ಅಲ್ಲ. ತಿರುಪು ಇದ್ದಿದ್ದರೆ ಅವರು ಸಾವಿರ ಸಲ ನೀರು ಚೆಲ್ಲಿ ತುಂಬಿದ್ದರೂ ಅರ್ಧ ಗಂಟೆಯಲ್ಲಿ ಸರಿಹೋಗುತ್ತಿತ್ತು. ಅವರು ಚೆಲ್ಲದಿದ್ದರೆ ತಿರುಪು ಇಲ್ಲದೆಯೂ ಆ ಪೈಪು ನನ್ನ ಕಾಲಕ್ಕಿಂತ ಹೆಚ್ಚು ಬಾಳುತ್ತಿತ್ತು. ಈ ಲೆಕ್ಕ ಎಷ್ಟು ಸಲ ಹಾಕಿದರೂ ನನಗೆ ಒಂದೇ ಉತ್ತರ ಬಂದಿಲ್ಲ.

ಬಲ್ಲಿ ಎಲ್ಲರೆದುರು ನನ್ನನ್ನು ಬೈದ. ಅದು ನಿಜವಾದ ಬೈಗುಳ. ಬೈದು ಮುಗಿದ ಮೇಲೆ ಗೂನಿನ ನೆನಪಿಗೆ ನನಗೆ 'ಊಂಟ್' ಎಂದು ಹೆಸರಿಟ್ಟ. ಒಂಟೆ ಎಂದರ್ಥ. ಸುಹಾಸ್ ನಗುತ್ತ ಅತ್ತೆಗೆ ಅದರ ಅರ್ಥ ಹೇಳಿದ. ಅವರು ನಗಲಿಲ್ಲ. ಆ ಹೆಸರು ಅಂಗಡಿಗೆ ಬಂತು, ಅಂಗಡಿಯಿಂದ ನಾವು ಪೈಪು ಕೊಳ್ಳುವ ಸಪ್ಲೈ ಕೌಂಟರಿಗೆ ಹೋಯಿತು, ನಾನು ನಿವೃತ್ತನಾದ ದಿನ ಕತ್ತರಿಸಿದ ಕೇಕಿನ ಮೇಲೂ ಕ್ರೀಮಿನಲ್ಲಿ ಒಂದು ಒಂಟೆ ಇತ್ತು.

ಅವತ್ತು ಹೊರಡುವ ಮೊದಲು ಬಾಯ್ಲರಿನ ಹಳದಿ ಹಿಡಿಕೆಯನ್ನು ಬಿಚ್ಚಿ ನನ್ನ ಟೂಲ್‌ಬಾಕ್ಸಿಗೆ ಹಾಕಿಕೊಂಡೆ. ಬಚ್ಚಲಿನ ಕಡೆಯಿಂದ ಕಮಲಮ್ಮ, "ಅಣ್ಣಾ, ಒಸಿ ಹದ ನೋಡ್ಬನ್ನಿ" ಎಂದು ಕರೆದರು. ಬಕೆಟ್ಟಿನಲ್ಲಿ ಮಗುವಿನ ಮೊದಲ ನೀರು. ನನ್ನ ಜೇಬಿನಲ್ಲಿ ಥರ್ಮಾಮೀಟರ್ ಇತ್ತು. ಅದನ್ನು ತೆಗೆಯದೆ ಮೊಣಕೈ ಅದ್ದಿ, "ಹದ ಐತ್ರಿ" ಎಂದೆ. ಅವರು ಮಗುವನ್ನು ತರಲು ಒಳಗೆ ಹೋದರು.

ಮರುವರ್ಷ, 2019ರ ದೀಪಾವಳಿಗೆ, ಅದೇ ಮನೆಯ ಬಾಯ್ಲರ್ ಸರ್ವಿಸು ನನ್ನ ಕೊನೆಯ ಕೆಲಸಗಳಲ್ಲಿ ಒಂದಾಗಿತ್ತು. ಕಮಲಮ್ಮ ಊರಿಗೆ ಹೋಗಿ ಎಷ್ಟೋ ತಿಂಗಳಾಗಿತ್ತು. ಮನೆ ಮಾರಿರಲಿಲ್ಲ. ಮಗು ಗೋಡೆ ಹಿಡಿದು ನಿಲ್ಲುತ್ತಿತ್ತು. ಇಲ್ಲಿ ಹೊತ್ತು ಮುಳುಗುತ್ತಿದ್ದಾಗ ಮೇಘನಾ ವಿಡಿಯೋ ಕಾಲ್ ಹಿಡಿದುಕೊಂಡು ಹೊರಗೆ ಬಂದಳು. ಪಾಂಡವಪುರದಲ್ಲಿ ಆಗಲೇ ಹಬ್ಬದ ಬೆಳಗಿನ ಜಾವ. ಕಮಲಮ್ಮ ತಮ್ಮ ಬಚ್ಚಲಿನ ಒಲೆಯ ಮುಂದೆ ಕೂತಿದ್ದರು, ಮುಖಕ್ಕೆ ಬೆಂಕಿಯ ಬೆಳಕು ಬಿದ್ದಿತ್ತು.

"ಅಣ್ಣಾ, ನೀರ್ ತುಂಬಿದ್ರಾ?"

ನೀರು ಪರೀಕ್ಷೆ ಮಾಡಿದ್ದೆ, ಮದ್ದು ಸರಿಯಾಗಿತ್ತು, ಒಂದು ಹನಿಯನ್ನೂ ಚೆಲ್ಲುವಂತಿರಲಿಲ್ಲ. "ತಡೀರಿ ಅಕ್ಕಾರ" ಎಂದು ಮೇಘನಾಳ ಕೈಲಿ ಒಂದು ತಂಬಿಗೆ ನೀರು ತರಿಸಿದೆ. ಏಣಿ ಹತ್ತಿ ಬಾಯ್ಲರಿನ ನೆತ್ತಿಯ ಮುಚ್ಚಳ ತೆಗೆದು ಆ ತಂಬಿಗೆಯನ್ನು ಒಳಗೆ ಬಗ್ಗಿಸಿದೆ. ಒಂದು ತಂಬಿಗೆಗೆ ಯಾವ ಗಾಳಿಯೂ ಹೊಗುವುದಿಲ್ಲ. ಹಾಗೆ ಮಾಡಬೇಕೆಂದು ಯಾವ ಪುಸ್ತಕವೂ ಹೇಳುವುದಿಲ್ಲ.

"ತುಂಬೈತ್ರಿ ಅಕ್ಕಾರ."

"ಹೊಸ ನೀರಾ?"

"ಹೊಸಾದ್ರಿ."

ಅವರು ಒಲೆಗೆ ಒಂದು ಸೌದೆ ನೂಕಿದರು. ಮೇಘನಾ ಏನೂ ತಿಳಿಯದೆ ಫೋನನ್ನು ಒಮ್ಮೆ ನನ್ನ ಕಡೆ, ಒಮ್ಮೆ ಬಾಯ್ಲರಿನ ಕಡೆ ತಿರುಗಿಸುತ್ತಿದ್ದಳು.

"ಅಣ್ಣಾ," ಎಂದರು ಕಮಲಮ್ಮ, "ನಿಮ್ ಸಾಹೇಬ್ರು ಇನ್ನೂ ನಿಮ್ಮನ್ನ ಒಂಟೆ ಅಂತ್ಲೇ ಕೂಗ್ತಾರಾ?"

"ಕೂಗ್ತಾರ್ರೀ."

"ಅದು ನನ್ನ ಹೆಸ್ರು ಕಣಣ್ಣ. ಇಷ್ಟು ದಿನ ನೀವು ಹೊತ್ಕೊಂಡ್ ತಿರುಗಿದ್ರಿ."

"ಯಾವ ಹೆಸ್ರಮ್ಮ?" ಎಂದಳು ಮೇಘನಾ. ಕಮಲಮ್ಮ ಮಗಳಿಗೆ ಎಲ್ಲವನ್ನೂ ಹೇಳತೊಡಗಿದರು. ನಾನು ಏಣಿ ಇಳಿದು, ಬಾಯ್ಲರಿನ ಬಾಗಿಲು ತೆರೆದು, ಕಟ್ಟಿಗೆ ಹಾಕಿದೆ.